ಅಗ್ನಿಶಾಮಕರ ಕವಚ

ಬೆಂಕಿ ಹತ್ತಿದ ಮನೆಯೊಳಗಿಂದ ಎಲ್ಲರೂ ಹೊರಕ್ಕೆ ಓಡಿ ಬರುತ್ತಿರುವಾಗ ಅದರೊಳಕ್ಕೆ ನುಗ್ಗಬೇಕಾದವನು ಅಗ್ನಿಶಾಮಕ ದಳದ ಭಟನೊಬ್ಬನೇ. ಅವನ ಧೈರ್ಯ ಅವನದು. ಆದರೆ ಅವನನ್ನು ಅಲ್ಲಿಗೆ ಕಳಿಸುವವರು ನಾವು. ನಾವೆಂದರೆ ತೆರಿಗೆ ಕೊಡುವ ಪೌರರು, ನಗರಸಭೆಗಳು, ಸರಕಾರ. ಹಾಗೆ ಕಳಿಸುವವರು ಅವನ ಮೈಮೇಲೆ ಹೊದಿಸುವ ಬಟ್ಟೆಯಲ್ಲಿ ಏನಿದೆಯೆಂಬುದನ್ನು ಮೊದಲು ತಾವು ತಿಳಿದುಕೊಂಡು ಅವನಿಗೂ ತಿಳಿಸಬೇಕಾದುದು ನ್ಯಾಯ. ಅಮೇರಿಕಾ ಸಂಯುಕ್ತ ಸಂಸ್ಥಾನಗಳಂಥ ಸಂಪನ್ನ ದೇಶದಲ್ಲಿಯೂ ಈ ನ್ಯಾಯವು ದಶಕಗಳ ಕಾಲ ನಡೆಯಲಿಲ್ಲವೆಂಬುದು ಕೆಲವು ವರ್ಷಗಳಿಂದೀಚೆಗೆ ಬೆಳಕಿಗೆ ಬಂದಿದೆ. ದೂರದೇಶದ ಈ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡುವುದಕ್ಕೆ ಕಾರಣವುಂಟು. 2023ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರಕಾರವು ರಾಜ್ಯಗಳ ಅಗ್ನಿಶಾಮಕ ದಳಗಳ ವಿಸ್ತರಣೆಗೂ ನವೀಕರಣಕ್ಕೂ 5,000 ಕೋಟಿ ರೂಪಾಯಿಗಳ ಯೋಜನೆಯೊಂದನ್ನು ಆರಂಭಿಸಿತು. ಹಣ ಬಂದಲ್ಲಿ ಖರೀದಿ ನಡೆಯುವುದು ಸಹಜ. ಖರೀದಿಯ ಕಾಗದಕ್ಕೆ ಸಹಿ ಬೀಳುವ ಮೊದಲು ಹೊರನಾಡಿನವರ ಅನುಭವವನ್ನು ಅರಿಯುವುದು ಲೇಸು.

ಅಗ್ನಿಶಾಮಕನ ಮೇಲಂಗಿಯೂ ಷರಾಯಿಯೂ ಮೂರು ಪದರಗಳಿಂದ ಕೂಡಿರುತ್ತವೆ. ಹೊರಪದರವು ಜ್ವಾಲೆಯನ್ನೂ ಮೊನಚಾದ ವಸ್ತುಗಳನ್ನೂ ತಡೆಯುತ್ತದೆ. ಮೈಗೆ ತಗಲುವ ಒಳಪದರವು ಕಾವನ್ನು ತಡೆಯುತ್ತದೆ. ಇವೆರಡರ ನಡುವೆ ತೆಳುವಾದ ಒಂದು ಪೊರೆಯಿರುತ್ತದೆ. ಹೊರಗಿನ ನೀರನ್ನು ಒಳಕ್ಕೆ ಬಿಡದೆ, ಒಳಗಿನ ಬೆವರಿನ ಆವಿಯನ್ನು ಹೊರಕ್ಕೆ ಬಿಡುವುದು ಈ ಪೊರೆಯ ಕೆಲಸ. ಇದೇನೂ ಅಲ್ಪವಾದ ಕೆಲಸವಲ್ಲ. ಕೊಳವೆಯ ನೀರಿನಿಂದ ತೊಯ್ದ ಬಟ್ಟೆಯು ಕಾದರೆ ಆ ನೀರೇ ಉಗಿಯಾಗಿ ಚರ್ಮವನ್ನು ಬೇಯಿಸುತ್ತದೆ. ಬೆವರಿನ ಆವಿ ಒಳಗೇ ಉಳಿದರೆ ಮೈ ಕಾದು ಮನುಷ್ಯನು ಕುಸಿದುಬೀಳುತ್ತಾನೆ. ಈ ಪೊರೆಗೆ ಬಹುಕಾಲದಿಂದ ಬಳಸುತ್ತ ಬಂದಿರುವುದು ಟೆಫ್ಲಾನ್ ಎಂದು ಪ್ರಸಿದ್ಧವಾದ ವಸ್ತುವನ್ನು. 1938ರಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞನ ಕೈಗೆ ಅದು ಆಕಸ್ಮಿಕವಾಗಿ ಸಿಕ್ಕಿತು. ದೋಸೆ ಅಂಟದಂತೆ ಕಾವಲಿಗೆ ಬಳಿದಿರುವ ಕರಿಯ ಲೇಪವೂ ಇದೇ ಆದುದರಿಂದ ನಮ್ಮ ಗೃಹಿಣಿಯರಿಗೆ ಇದರ ಪರಿಚಯ ಹೊಸದಲ್ಲ. ಹೊರಪದರವು ನೀರು, ಎಣ್ಣೆ, ಪೆಟ್ರೋಲುಗಳನ್ನು ಹೀರದಿರಲೆಂದು ಅದಕ್ಕೂ ಇದೇ ಕುಲದ ಬೇರೊಂದು ದ್ರವ್ಯವನ್ನು ಸವರುತ್ತ ಬಂದಿದ್ದಾರೆ.

ಈ ಕುಲಕ್ಕೆ ವಿಜ್ಞಾನಿಗಳು ಪಿ.ಎಫ್.ಎ.ಎಸ್. ಎಂಬ ಅಕ್ಷರನಾಮವನ್ನು ಕೊಟ್ಟಿದ್ದಾರೆ. ಬಳಕೆಯಲ್ಲಿ ಅದು ಪಿಫಾಸ್ ಆಗಿದೆ. ಇದರಲ್ಲಿ ಸಾವಿರಾರು ದ್ರವ್ಯಗಳುಂಟು. ಇಂಗಾಲದ ಅಣುವಿಗೂ ಫ್ಲೂರೀನಿನ ಅಣುವಿಗೂ ಬಿದ್ದ ಗಂಟು ಇವೆಲ್ಲಕ್ಕೂ ಸಮಾನವಾದ ಲಕ್ಷಣ. ಆ ಗಂಟು ರಸಾಯನಶಾಸ್ತ್ರದಲ್ಲಿಯೇ ಅತ್ಯಂತ ಬಿಗಿಯಾದ ಗಂಟುಗಳಲ್ಲಿ ಒಂದು. ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿಗಳು ಯಾವುವೂ ಅದನ್ನು ಸುಲಭವಾಗಿ ಬಿಚ್ಚಲಾರವು. ವ್ಯಾಪಾರಕ್ಕೆ ಇದು ಗುಣ. ದೇಹಕ್ಕೆ ಇದೇ ಅವಗುಣ. ಏಕೆಂದರೆ ಈ ಕುಲದ ಕೆಲವು ದ್ರವ್ಯಗಳು ರಕ್ತದಲ್ಲಿ ಸೇರಿದ ಮೇಲೆ ಅವುಗಳ ಅರ್ಧಾಂಶ ಹೊರಹೋಗುವುದಕ್ಕೇ ವರ್ಷಗಳು ಹಿಡಿಯುತ್ತವೆ. ಇಂದು ಹೋಗುವುದಕ್ಕಿಂತ ನಾಳೆ ಬರುವುದು ಹೆಚ್ಚಾದರೆ ಶರೀರವೇ ಕಣಜವಾಗುತ್ತದೆ.

ಇವು ದೇಹಕ್ಕೆ ಏನು ಮಾಡುತ್ತವೆಂಬ ಪ್ರಶ್ನೆಗೆ ಉತ್ತರ ಸಿಕ್ಕಿದುದು ಬೆಂಕಿದಳದಿಂದಲ್ಲ. ಪಶ್ಚಿಮ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಪಟ್ಟಣದ ಹತ್ತಿರ ಡ್ಯುಪಾಂಟ್ ಕಂಪನಿಯ ಕಾರ್ಖಾನೆಯಿಂದ ಹೊರಬಿದ್ದ ಪಿ.ಎಫ್.ಒ.ಎ. ಎಂಬ ದ್ರವ್ಯವು ಆ ಭಾಗದ ಕುಡಿಯುವ ನೀರನ್ನು ಸೇರಿತ್ತು. ರಾಬರ್ಟ್ ಬಿಲಟ್ ಎಂಬ ವಕೀಲರು ಹಿಡಿದ ಹಟದ ಫಲವಾಗಿ ಸುಮಾರು 69,000 ಜನರ ಆರೋಗ್ಯವನ್ನು ಪರೀಕ್ಷಿಸಲಾಯಿತು. ವ್ಯಾಜ್ಯದ ಒಪ್ಪಂದದಂತೆ ನೇಮಕವಾದ ವಿಜ್ಞಾನಿಗಳ ಮಂಡಲಿಯು 2012ರಲ್ಲಿ ತನ್ನ ಕೆಲಸವನ್ನು ಮುಗಿಸಿ ಆರು ವ್ಯಾಧಿಗಳಿಗೂ ಆ ದ್ರವ್ಯಕ್ಕೂ ಸಂಬಂಧವಿರುವ ಸಂಭವವುಂಟೆಂದು ಹೇಳಿತು. ಮೂತ್ರಪಿಂಡದ ಅರ್ಬುದ, ವೃಷಣದ ಅರ್ಬುದ, ಥೈರಾಯ್ಡ್ ಗ್ರಂಥಿಯ ರೋಗ, ದೊಡ್ಡ ಕರುಳಿನ ಹುಣ್ಣು, ರಕ್ತದಲ್ಲಿ ಕೊಬ್ಬಿನ ಹೆಚ್ಚಳ, ಗರ್ಭಿಣಿಯರಲ್ಲಿ ರಕ್ತದ ಒತ್ತಡ ಇವೇ ಆ ಆರು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅರ್ಬುದ ಸಂಶೋಧನಾ ಸಂಸ್ಥೆಯು 2023ರಲ್ಲಿ ಇದೇ ಪಿ.ಎಫ್.ಒ.ಎ.ಯನ್ನು ಮನುಷ್ಯರಿಗೆ ಅರ್ಬುದಕಾರಕವೆಂದು ಮೊದಲನೆಯ ವರ್ಗಕ್ಕೆ ಸೇರಿಸಿತು. ಅದಕ್ಕೆ ಒಂದು ವರ್ಷ ಮುಂಚೆ, 2022ರಲ್ಲಿ, ಬೆಂಕಿ ಆರಿಸುವ ವೃತ್ತಿಯನ್ನೇ ಆ ವರ್ಗಕ್ಕೆ ಸೇರಿಸಿತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಇಷ್ಟೆಲ್ಲ ತಿಳಿದಿದ್ದರೂ ಆ ಕುಲದ ದ್ರವ್ಯವು ಅಗ್ನಿಶಾಮಕರ ಅಂಗಿಯಲ್ಲಿಯೇ ಇದೆಯೆಂಬ ಸಂಗತಿಯನ್ನು ಅವರಿಗೆ ಯಾರೂ ಹೇಳಲಿಲ್ಲ. ಮ್ಯಾಸಚೂಸೆಟ್ಸ್ ಸಂಸ್ಥಾನದ ವೂಸ್ಟರ್ ನಗರದ ದಳದಲ್ಲಿದ್ದ ಒಬ್ಬನಿಗೆ 2014ರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವಾಯಿತು. ಅವನ ಪತ್ನಿ ವಿಜ್ಞಾನ ಕಲಿತವಳಲ್ಲ. ಆದರೆ ಗಂಡನ ಉಡುಪಿನ ಮೇಲೆ ಅವಳಿಗೆ ಸಂಶಯ ಹುಟ್ಟಿತು. ಅದರಲ್ಲಿ ಏನಿದೆಯೆಂದು ಕೇಳಿದಲ್ಲೆಲ್ಲ ಉತ್ತರ ಸಿಗದಿರಲು ಅವಳು ನಾಟರ್‌ಡೇಮ್ ವಿಶ್ವವಿದ್ಯಾಲಯದ ಪರಮಾಣು ಭೌತಶಾಸ್ತ್ರಜ್ಞ ಗ್ರಹಾಂ ಪೀಸ್ಲಿಯವರಿಗೆ ಬರೆದುಕೊಂಡಳು. ಅವರು ಬಳಸಿದ ಹಾಗೂ ಬಳಸದ 30ಕ್ಕೂ ಹೆಚ್ಚು ಉಡುಪುಗಳನ್ನು ಪ್ರೋಟಾನ್ ಕಿರಣದಿಂದ ಪರೀಕ್ಷಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೊರಪದರದಲ್ಲಿಯೂ ನಡುವಿನ ಪೊರೆಯಲ್ಲಿಯೂ ಫ್ಲೂರೀನು ಹೇರಳವಾಗಿತ್ತು. ಅದಕ್ಕಿಂತ ಮುಖ್ಯವಾದುದು, ಆ ದ್ರವ್ಯವನ್ನು ಎಂದೂ ಸವರದ ಒಳಪದರದಲ್ಲಿ, ಎಂದರೆ ಮೈಗೆ ತಗಲುವ ಬಟ್ಟೆಯಲ್ಲಿ, ಬಳಕೆಯಾದ ಮೇಲೆ ಅದು ಕಾಣಿಸಿಕೊಂಡಿತ್ತು. ಬಟ್ಟೆಯನ್ನು ಹಿಡಿದ ಕೈಗೂ ಅದು ಅಂಟುತ್ತಿತ್ತು. ಒಂದು ಸಂಸಾರದ ಹೆಂಗಸು ಕೇಳುವವರೆಗೆ ಈ ಪ್ರಶ್ನೆಯನ್ನು ಯಾವ ಇಲಾಖೆಯೂ ಕೇಳಲಿಲ್ಲವೆಂಬುದು ಇಲಾಖೆಗಳಿಗೆ ಭೂಷಣವಲ್ಲ.

ಬಳಿಕ ಅಮೇರಿಕದ ಶಾಸನ ಸಭೆಯ ಅಪ್ಪಣೆಯಂತೆ ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆಯು ಈ ಉಡುಪಿನ 20 ಬಗೆಯ ಬಟ್ಟೆಗಳನ್ನು ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟಿತು. 2024ರಲ್ಲಿ ಇನ್ನೊಂದನ್ನು ಕೊಟ್ಟಿತು. ಬಟ್ಟೆ ಉಜ್ಜಿ ಸವೆದಂತೆ, ಬಿಸಿಲು ತೇವಗಳಿಗೆ ಸಿಕ್ಕಿ ಹಳತಾದಂತೆ ಅದರಲ್ಲಿ ಅಳೆಯಲು ಸಿಗುವ ಪಿಫಾಸಿನ ಪ್ರಮಾಣವು ಹಲವು ಮಾದರಿಗಳಲ್ಲಿ ಹೆಚ್ಚಾಯಿತೆಂಬುದು ಆ ಎರಡನೆಯ ವರದಿಯ ಸಾರ. ಹಳೆಯ ಅಂಗಿ ಹೊಸದಕ್ಕಿಂತ ಸಾಧುವಾದುದೆಂಬ ಭಾವನೆಯು ಇದರಿಂದ ಬಿದ್ದುಹೋಯಿತು. ಇಂಥ ದ್ರವ್ಯವು ಚರ್ಮವನ್ನು ದಾಟಲಾರದೆಂದು ಕಂಪನಿಗಳ ಪಕ್ಷದವರು ಬಹಳ ಕಾಲ ವಾದಿಸುತ್ತಿದ್ದರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವಚರ್ಮದ ಮೇಲೆ 17 ದ್ರವ್ಯಗಳನ್ನಿಟ್ಟು ನೋಡಿ, ಅವುಗಳಲ್ಲಿ 15 ಚರ್ಮದೊಳಕ್ಕೆ ಗಣನೀಯವಾಗಿ ಇಳಿದುವೆಂದು 2024ರಲ್ಲಿ ತೋರಿಸಿದ ಮೇಲೆ ಆ ವಾದದ ಬಲವೂ ಕುಂದಿತು. ಕಾದ ಮೈ, ತೆರೆದ ಬೆವರುರಂಧ್ರ, ಗಂಟೆಗಟ್ಟಲೆ ಮೈಗೆ ಒತ್ತಿದ ಬಟ್ಟೆ: ಭಟನ ಸ್ಥಿತಿಯು ಪ್ರಯೋಗಶಾಲೆಯ ಸ್ಥಿತಿಗಿಂತ ಮೃದುವಾದುದಲ್ಲ.

ಈ ವೃತ್ತಾಂತದಲ್ಲಿ ನಮ್ಮನ್ನು ಬಹಳವಾಗಿ ಚಿಂತೆಗೀಡುಮಾಡಿದುದು ಗೊತ್ತುಪಾಡುಗಳನ್ನು ಮಾಡುವವರ ರೀತಿ. ಅಮೇರಿಕದಲ್ಲಿ ಬೆಂಕಿದಳದ ಉಡುಪು ಹೇಗಿರಬೇಕೆಂದು ಗೊತ್ತುಮಾಡುವುದು ಸರಕಾರವಲ್ಲ. ನ್ಯಾಷನಲ್ ಫಾಯರ್ ಪ್ರೊಟೆಕ್ಷನ್ ಅಸೋಸಿಯೇಷನ್ ಎಂಬ ಖಾಸಗಿ ಸಂಸ್ಥೆ. ನಡುವಿನ ಪೊರೆಯನ್ನು 40 ಗಂಟೆಗಳ ಕಾಲ ಪ್ರಖರವಾದ ಬೆಳಕಿಗೆ ಒಡ್ಡಿದರೂ ಅದು ಕೆಡಬಾರದೆಂದು ಆ ಸಂಸ್ಥೆಯು ಒಂದು ಪರೀಕ್ಷೆಯನ್ನು ಇಟ್ಟಿತ್ತು. ಎರಡು ಪದರಗಳ ನಡುವೆ ಹೊಲಿದು ಮುಚ್ಚಿದ ಪೊರೆ ತನ್ನ ಜೀವಮಾನದಲ್ಲಿ ಎಷ್ಟು ಬಿಸಿಲನ್ನು ಕಂಡೀತು? ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬಲ್ಲುದು ಟೆಫ್ಲಾನ್ ಜಾತಿಯ ಪೊರೆಯೊಂದೇ ಎಂದು ಅಗ್ನಿಶಾಮಕರ ಅಂತರರಾಷ್ಟ್ರೀಯ ಸಂಘವು ಆಕ್ಷೇಪಿಸಿತು. ಪರೀಕ್ಷೆಯನ್ನು ಗೊತ್ತುಮಾಡುವವರ ಪಂಕ್ತಿಯಲ್ಲಿ ಬಟ್ಟೆ ಮಾರುವವರೂ ಕುಳಿತಿದ್ದಾರೆಂದು ದೂರಿ 2023ರ ಮಾರ್ಚಿಯಲ್ಲಿ ಮ್ಯಾಸಚೂಸೆಟ್ಸಿನ ನ್ಯಾಯಾಲಯಕ್ಕೆ ಹೋಯಿತು. ತಾವು ಯಾವ ದ್ರವ್ಯವನ್ನೂ ಹೆಸರಿಸಿ ಕೇಳಿಲ್ಲವೆಂಬುದು ಸಂಸ್ಥೆಯ ಸಮಾಧಾನ. ಅಕ್ಷರಶಃ ಅದು ನಿಜವಿರಬಹುದು. ಆದರೆ ಒಂದೇ ಬೀಗದ ಕೈಯಿಂದ ತೆರೆಯುವ ಬಾಗಿಲನ್ನಿಟ್ಟು, ಯಾವ ಬೀಗದ ಕೈಯನ್ನಾದರೂ ತನ್ನಿ ಎಂದು ಹೇಳುವುದರಲ್ಲಿ ಔದಾರ್ಯವೇನು ಬಂತು? ಆ ಸಂಸ್ಥೆಯು ತನ್ನ ಗೊತ್ತುಪಾಡಿನ ಹೊಸ ಆವೃತ್ತಿಯಲ್ಲಿ ನಿರ್ಬಂಧಿತ ರಾಸಾಯನಿಕಗಳ ಪಟ್ಟಿಯೊಂದನ್ನು ಸೇರಿಸಿದುದನ್ನು ನೋಡಿದರೆ ಆಕ್ಷೇಪವು ನಿರಾಧಾರವಾದುದೆಂದು ಹೇಳಲಾಗುವುದಿಲ್ಲ. ಸಂಘದವರು ತಮ್ಮ ಮನೆಯನ್ನೂ ಗುಡಿಸಿಕೊಂಡರೆಂಬುದು ಸಂತೋಷದ ಸಂಗತಿ: ಈ ರಾಸಾಯನಿಕ ಉದ್ಯಮದವರಿಂದ ಪ್ರಾಯೋಜನೆಯ ಹಣವನ್ನು ಇನ್ನು ಮುಂದೆ ತೆಗೆದುಕೊಳ್ಳಬಾರದೆಂದು 2021ರ ತಮ್ಮ ಮಹಾಸಭೆಯಲ್ಲಿ ನಿರ್ಣಯ ಮಾಡಿದರು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಅಗ್ನಿಶಾಮಕನಿಗೆ ಬರುವ ಅರ್ಬುದಕ್ಕೆಲ್ಲ ಅಂಗಿಯೇ ಕಾರಣವೆಂದು ಯಾರೂ ಸಾಧಿಸಿಲ್ಲ. ನಾವೂ ಹಾಗೆ ಹೇಳುವುದಿಲ್ಲ. ಹೊಗೆಯಲ್ಲಿಯೇ ವಿಷ ಬೇಕಾದಷ್ಟಿದೆ. ಎಣ್ಣೆಯ ಬೆಂಕಿಗೆ ಸುರಿಯುವ ನೊರೆಯಲ್ಲಿಯೂ ಇದೇ ಕುಲದ ದ್ರವ್ಯವನ್ನು 1960ರ ದಶಕದಿಂದ ಬಳಸುತ್ತ ಬಂದಿದ್ದಾರೆ. ರಕ್ತದಲ್ಲಿ ಕಂಡ ವಿಷದ ಪಾಲೆಷ್ಟು ನೊರೆಯದು, ಎಷ್ಟು ಹೊಗೆಯದು, ಎಷ್ಟು ಅಂಗಿಯದು ಎಂದು ತೂಗಿ ಹೇಳುವುದು ಕಠಿಣ. ಅಂಗಿಯನ್ನು ಕಳಚಿ ಬಿಸುಡಿರೆಂದು ಹೇಳುವುದಂತೂ ಅವಿವೇಕವಾದೀತು. ಬೆಂಕಿ ಈ ಕ್ಷಣದಲ್ಲಿ ಕೊಲ್ಲುತ್ತದೆ. ಈ ವಿಷ ಕೊಂದರೆ ಇಪ್ಪತ್ತು ವರ್ಷಗಳ ಮೇಲೆ. ಪಿಫಾಸಿಲ್ಲದ ಹೊಸ ಹೊರಪದರಗಳನ್ನು ಉತ್ತರ ಕೆರೊಲಿನಾ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದಾಗ ಅವು ನೀರನ್ನು ತಡೆದರೂ ಎಣ್ಣೆಯನ್ನು ಹಳೆಯವುಗಳಷ್ಟು ಚೆನ್ನಾಗಿ ತಡೆಯಲಿಲ್ಲವೆಂದು ಕಂಡುಬಂದಿತು. ಎಣ್ಣೆ ಹೀರಿದ ಅಂಗಿಗೆ ಬೆಂಕಿ ತಗಲಿದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಆದುದರಿಂದ ಬದಲಿ ಉಡುಪನ್ನು ಪರೀಕ್ಷಿಸದೆ ಕೊಳ್ಳುವುದೂ ತಪ್ಪು. ಆದರೆ ಇದು ನಿಧಾನವಾಗಿ ನಡೆಯಲಿ ಎಂಬುದಕ್ಕೆ ಕಾರಣವಾದೀತೇ ಹೊರತು, ಭಟನಿಗೆ ಏನನ್ನೂ ತಿಳಿಸಬೇಡಿ ಎಂಬುದಕ್ಕೆ ಕಾರಣವಾಗಲಾರದು. ಕಳಚಿಟ್ಟರೆ ಒಂದು ಅಪಾಯ, ತೊಟ್ಟರೆ ಇನ್ನೊಂದು ಎಂಬ ಸಂಕಟವು ಅವನದಾಗಿರುವಾಗ, ಆ ಸಂಕಟದ ಅರಿವು ಅವನೊಬ್ಬನಿಗೆ ಇಲ್ಲದಂತೆ ಮಾಡಿದುದೇ ಇಲ್ಲಿ ನಡೆದ ಅನ್ಯಾಯ. ಕರ್ಣನು ತನ್ನ ಕವಚವನ್ನು ಕೊಟ್ಟಾಗ ಅದರ ಫಲವೇನೆಂದು ತಿಳಿದೇ ಕೊಟ್ಟನು. ಈ ಭಟರು ತೊಟ್ಟಾಗ ತಿಳಿಯದೆ ತೊಟ್ಟರು.

ತಿಳಿದಿದ್ದವರು ಇರಲಿಲ್ಲವೆಂದಲ್ಲ. ಇದೇ ಕುಲದ ದ್ರವ್ಯವು ತನ್ನ ಕಾರ್ಮಿಕರ ರಕ್ತದಲ್ಲಿದೆಯೆಂದು ತ್ರೀ-ಎಂ ಕಂಪನಿಗೆ 1970ರ ದಶಕದಲ್ಲಿಯೇ ಗೊತ್ತಿತ್ತೆಂಬುದು ಮುಂದೆ ವ್ಯಾಜ್ಯಗಳಲ್ಲಿ ಹೊರಬಂದ ಕಾಗದಗಳಿಂದ ಸ್ಪಷ್ಟವಾಗಿದೆ. ಅದು ಪಿ.ಎಫ್.ಒ.ಎಸ್. ಎಂಬುದರ ತಯಾರಿಕೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿದುದು 2000ದಲ್ಲಿ. ಈ ಇಡೀ ಕುಲದ ತಯಾರಿಕೆಯನ್ನು 2025ರ ಕೊನೆಯೊಳಗೆ ಬಿಡುವುದಾಗಿ ಹೇಳಿದುದು 2022ರಲ್ಲಿ.

ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ನಡೆದ ಒಂದು ಪ್ರಯೋಗವನ್ನು ಓದಿದಾಗ ನಮ್ಮ ಮನಸ್ಸು ಬಹಳ ನೊಂದಿತು. ದೇಹದಲ್ಲಿ ಸೇರಿದ ಈ ವಿಷವನ್ನು ತೆಗೆಯಲು ಔಷಧವಿಲ್ಲ. ಅಲ್ಲಿಯ 285 ಅಗ್ನಿಶಾಮಕರಲ್ಲಿ ಒಂದು ಗುಂಪು 12 ವಾರಗಳಿಗೊಮ್ಮೆ ರಕ್ತವನ್ನು, ಇನ್ನೊಂದು ಗುಂಪು 6 ವಾರಗಳಿಗೊಮ್ಮೆ ರಕ್ತರಸವನ್ನು ಒಂದು ವರ್ಷ ಕಾಲ ದಾನಮಾಡಿತು. ಮೂರನೆಯ ಗುಂಪನ್ನು ಸುಮ್ಮನೆ ನೋಡಲಾಯಿತು. ಕೊಟ್ಟವರ ರಕ್ತದಲ್ಲಿ ವಿಷ ಇಳಿಯಿತು. ರಕ್ತರಸ ಕೊಟ್ಟವರಲ್ಲಿ ಹೆಚ್ಚಾಗಿ ಇಳಿಯಿತು. 2022ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ವಿಜ್ಞಾನದ ದೃಷ್ಟಿಯಿಂದ ಇದು ಸಂತೋಷದ ವಾರ್ತೆಯೇ ಸರಿ. ಆದರೆ ಊರ ಬೆಂಕಿ ಆರಿಸಿದವನು ತನ್ನೊಳಗಿನ ವಿಷವನ್ನು ಕಳೆಯಲು ತನ್ನ ರಕ್ತವನ್ನೇ ಬಸಿದು ಚೆಲ್ಲಬೇಕಾದ ಸ್ಥಿತಿಗೆ ಬಂದುದನ್ನು ಬೇಲಿಯೇ ಎದ್ದು ಹೊಲ ಮೇಯ್ದುದೆನ್ನದೆ ಏನೆನ್ನೋಣ?

ಅಮೇರಿಕದ ಕೆಲವು ಸಂಸ್ಥಾನಗಳು ಈಗ ಎಚ್ಚತ್ತಿವೆ. ಮ್ಯಾಸಚೂಸೆಟ್ಸಿನಲ್ಲಿ 2024ರ ಆಗಸ್ಟಿನಲ್ಲಿ ಆದ ಕಾಯಿದೆಯು, ಈ ದ್ರವ್ಯವಿರುವ ಉಡುಪನ್ನು ಮಾರುವವನು 2025ರ ಆರಂಭದಿಂದ ಅದನ್ನು ಬರೆದು ತಿಳಿಸಬೇಕೆಂದೂ, ಬೇಕೆಂದು ಬೆರೆಸಿದ ಉಡುಪುಗಳ ಮಾರಾಟವು 2027ರ ಜನವರಿ 1ರಿಂದ ನಿಲ್ಲಬೇಕೆಂದೂ ವಿಧಿಸಿತು. ಕನೆಟಿಕಟ್ ಸಂಸ್ಥಾನವು 2028ನ್ನು ಗೊತ್ತುಮಾಡಿತು. ಸ್ಯಾನ್ ಫ್ರಾನ್ಸಿಸ್ಕೊ ನಗರವು ತನ್ನ ದಳಕ್ಕೆ 2026ರ ಜೂನ್ 30ರ ಗಡುವನ್ನು ಹಾಕಿಕೊಂಡಿತು. ಕ್ಯಾಲಿಫೋರ್ನಿಯಾದಲ್ಲಿ ಮಾರುವವನು ತಿಳಿಸಬೇಕೆಂಬ ಕಾನೂನು 2020ರಲ್ಲಿಯೇ ಆಗಿತ್ತು. ಮೊದಲು ತಿಳಿಸು, ಬಳಿಕ ನಿಲ್ಲಿಸು ಎಂಬ ಈ ಕ್ರಮವು ನಮಗೆ ಮೆಚ್ಚಿಗೆಯಾಗಿದೆ.

ನಮ್ಮ ದೇಶಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವವರಿದ್ದಾರೆ. ನಮ್ಮ ಅನೇಕ ಠಾಣೆಗಳಲ್ಲಿ ಎಲ್ಲರಿಗೂ ಸಾಲುವಷ್ಟು ಕವಚಗಳೇ ಇಲ್ಲದಿರುವಾಗ ಅದರಲ್ಲಿರುವ ದ್ರವ್ಯದ ವಿಚಾರವೇಕೆ ಎಂದು ಅವರ ವಾದ. ನಮಗೆ ತೋರುವುದು ಇದಕ್ಕೆ ವಿರುದ್ಧವಾಗಿ. ಇಲ್ಲದವರು ಕೊಳ್ಳಲು ಹೊರಟಾಗಲೇ ಈ ವಿಚಾರ ಬೇಕು. ಕೊಂಡ ಅಂಗಿಯು ಹತ್ತು ವರ್ಷ ಗೂಟಕ್ಕೆ ತೂಗುತ್ತದೆ. ನಮ್ಮಲ್ಲಿಯ ಟೆಂಡರುಗಳಲ್ಲಿ ಯುರೋಪಿನ ಇ.ಎನ್. 469 ಎಂಬುದನ್ನೋ ಮೇಲೆ ಹೇಳಿದ ಅಮೇರಿಕದ ಸಂಸ್ಥೆಯ ಗೊತ್ತುಪಾಡನ್ನೋ ಉಲ್ಲೇಖಿಸುವುದು ರೂಢಿ. ಗೊತ್ತುಪಾಡನ್ನು ಎರವಲು ತಂದವರು ಅದರೊಡನೆ ಹುಟ್ಟಿದ ದೋಷವನ್ನೂ ಹೊತ್ತು ತರುವರು. ಅಲ್ಲಿಯವರು ಬೇಡವೆಂದ ಮಾಲು ಎಲ್ಲಿಗೆ ಹೋದೀತೆಂಬುದನ್ನೂ ಯೋಚಿಸಬೇಕು. ಇದು ಬರಿಯ ಊಹೆಯಲ್ಲ. ಇದೇ ಕುಲದ ದ್ರವ್ಯಗಳಿಂದ ಇಟಲಿಯ ವೆನೆಟೊ ಪ್ರಾಂತದ ಕುಡಿಯುವ ನೀರನ್ನು ಕೆಡಿಸಿದ, ಟ್ರಿಸ್ಸಿನೊ ಊರಿನ ಕಾರ್ಖಾನೆಯು 2018ರಲ್ಲಿ ದಿವಾಳಿಯಾಯಿತು. ಅದನ್ನು ನಡೆಸಿದವರಲ್ಲಿ 11 ಜನರಿಗೆ ಅಲ್ಲಿಯ ನ್ಯಾಯಾಲಯವು 2025ರಲ್ಲಿ ಸೆರೆವಾಸವನ್ನು ವಿಧಿಸಿತು. ಅದರ ಯಂತ್ರಗಳಾದರೋ ಹಡಗು ಹತ್ತಿ ನಮ್ಮ ಕೊಂಕಣ ತೀರದ ರತ್ನಾಗಿರಿ ಜಿಲ್ಲೆಯ ಲೋಟೆಗೆ ಬಂದಿಳಿದುವು.

ಸ್ಟಾಕ್‌ಹೋಂ ಒಪ್ಪಂದಕ್ಕೆ ಭಾರತವು 2006ರಲ್ಲಿ ಸೇರಿತು. ಆ ಒಪ್ಪಂದದ ಪಟ್ಟಿಗೆ ಪಿ.ಎಫ್.ಒ.ಎಸ್. 2009ರಲ್ಲಿಯೂ, ಪಿ.ಎಫ್.ಒ.ಎ. 2019ರಲ್ಲಿಯೂ ಸೇರಿದುವು. 2020ರ ಅಕ್ಟೋಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಪಟ್ಟಿಯಲ್ಲಿದ್ದ ಏಳು ದ್ರವ್ಯಗಳ ನಿರ್ಬಂಧಕ್ಕೆ ಒಪ್ಪಿಗೆಯಿತ್ತಾಗ ಆ ಏಳರಲ್ಲಿ ಈ ಎರಡೂ ಇರಲಿಲ್ಲ. ದಿಲ್ಲಿಯ ಅಧಿಕಾರಿಗಳಿಗೆ ಇದಕ್ಕೆ ಕಾರಣಗಳಿರಬಹುದು. ಅವು ಯಾವುವೆಂದು ಪಾರ್ಲಿಮೆಂಟಿನಲ್ಲಿ ಕೇಳುವ ಹಕ್ಕು ನಮ್ಮ ಪ್ರತಿನಿಧಿಗಳಿಗಿದೆ. ಅವರು ಅದನ್ನು ಬಳಸುವರೆಂದು ನಂಬುತ್ತೇವೆ.

ದಿಲ್ಲಿಯವರೆಗೆ ಹೋಗದೆ ಇಲ್ಲಿಯೇ ಮಾಡಬಹುದಾದ ಕೆಲಸವೂ ಉಂಟು. ಅದಕ್ಕೆ ದೊಡ್ಡ ಹಣವೂ ಬೇಕಾಗಿಲ್ಲ. ಅಗ್ನಿಶಾಮಕ ದಳವು ರಾಜ್ಯ ಸರಕಾರದ ಕೈಯಲ್ಲಿದೆ. ಉಡುಪಿನ ಟೆಂಡರಿನಲ್ಲಿ, ಪ್ರತಿಯೊಂದು ಪದರದಲ್ಲಿ ಈ ಕುಲದ ದ್ರವ್ಯವನ್ನು ಬೆರೆಸಿದೆಯೇ ಇಲ್ಲವೇ ಎಂದು ಮಾರುವವನು ಬರೆದು ಸಹಿಮಾಡಬೇಕೆಂಬ ಒಂದು ಷರತ್ತನ್ನು ಸೇರಿಸಲು ಇಲಾಖೆಯ ಒಂದು ಆಜ್ಞೆ ಸಾಕು. ಹೊರದೇಶದ ದಳಗಳು ಬಳಸಿ ತೆಗೆದಿಟ್ಟ ಹಳೆಯ ಉಡುಪನ್ನು ದಾನವಾಗಿ ಕೊಟ್ಟರೂ ಪರೀಕ್ಷೆಯಿಲ್ಲದೆ ತೆಗೆದುಕೊಳ್ಳಬಾರದು. ಸವೆದ ಬಟ್ಟೆಯ ವಿಷಯದಲ್ಲಿ ಅಮೇರಿಕದ ಮಾನಕ ಸಂಸ್ಥೆಯು ಹೇಳಿದುದನ್ನು ಮೇಲೆ ಬರೆದಿದ್ದೇವೆ. ಅಗ್ನಿಶಾಮಕರ ಅಂತರರಾಷ್ಟ್ರೀಯ ಸಂಘವು ಮಹಾನಗರಗಳ ದಳಾಧಿಪತಿಗಳೊಡನೆ ಸೇರಿ 2022ರಲ್ಲಿ ಕೊಟ್ಟ ಸಲಹೆಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಠಾಣೆಯ ಗೋಡೆಗೆ ಅಂಟಿಸಬಹುದು. ಬೆಂಕಿಯಿಲ್ಲದ ಕರೆಗಳಿಗೆ ಈ ಕವಚವನ್ನು ತೊಡಬೇಡಿ, ಕಳಚಿದ ಕೂಡಲೆ ಕೈ ತೊಳೆಯಿರಿ, ಉಣ್ಣುವ ಮಲಗುವ ಕೋಣೆಗೆ ಅದನ್ನು ತರಬೇಡಿ ಎಂಬುದೇ ಅವುಗಳ ತಾತ್ಪರ್ಯ. ಬಾವಿಗೆ ಬಿದ್ದ ದನವನ್ನೆತ್ತಲು, ರಸ್ತೆಗೆ ಉರುಳಿದ ಮರವನ್ನು ಕಡಿಯಲು ನಮ್ಮ ಭಟರನ್ನು ಕರೆಯುವ ಸಂದರ್ಭಗಳು ಬೆಂಕಿಯ ಕರೆಗಳಿಗೆ ಕಡಮೆಯಿಲ್ಲವಾದುದರಿಂದ ಮೊದಲನೆಯ ಸಲಹೆಯು ಇಲ್ಲಿಗೆ ಹೆಚ್ಚಾಗಿ ಒಪ್ಪುತ್ತದೆ. ಅಂಗಿಯನ್ನು ಮನೆಗೊಯ್ದು ಮಕ್ಕಳ ಬಟ್ಟೆಯೊಡನೆ ಒಗೆಯುವ ಪ್ರಸಂಗ ಬಾರದಂತೆ ಠಾಣೆಯಲ್ಲಿಯೇ ಒಗೆಯುವ ಏರ್ಪಾಡು ಬೇಕು.

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಸ್ಫೋಟಕಗಳನ್ನೂ ಹತ್ತಿಯನ್ನೂ ಒಟ್ಟಿಗೆ ಹೇರಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಅದನ್ನಾರಿಸಲು ಹೋದ ಮುಂಬಯಿ ದಳದ 66 ಜನರು ಅಲ್ಲಿಯೇ ಮಡಿದರು. ಅವರ ನೆನಪಿಗಾಗಿ ಪ್ರತಿವರ್ಷ ಆ ದಿನ ದೇಶದ ಠಾಣೆಗಳಲ್ಲೆಲ್ಲ ಮೌನ ಆಚರಿಸುತ್ತಾರೆ. ಮಂತ್ರಿಗಳೂ ಅಧಿಕಾರಿಗಳೂ ಬಂದು ಹಾರ ಹಾಕುತ್ತಾರೆ. ಇನ್ನೊಂದು ಏಪ್ರಿಲ್ 14 ಬರುವುದರೊಳಗೆ ನಮ್ಮ ರಾಜ್ಯದ ದಳದವರು ತೊಡುವ ಕವಚಗಳಲ್ಲಿ ಏನೇನಿದೆಯೆಂಬುದರ ಪಟ್ಟಿಯೊಂದನ್ನು ಸರಕಾರವು ತಯಾರಿಸಿ, ಅದರ ಒಂದೊಂದು ಪ್ರತಿಯನ್ನು ಪ್ರತಿ ಠಾಣೆಗೂ ಕಳಿಸಿಕೊಡಬೇಕೆಂದು ಸೂಚಿಸುತ್ತೇವೆ.